ಹೊಸ ಕಾರಿನ ಮೊಕದ್ದಮೆ

ಅಡ್ಯಾರ್, ಚೆನ್ನೈ
16 ನವೆಂಬರ್ 2025

ಮಗಳು ಪಾವನಾಗೆ,

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬಯ್ಯಬೇಡ. ಪ್ಯಾರೀಸ್ ಕಾರ್ನರ್ ಪೇಟೆಯಲ್ಲಿ ಪಾತ್ರೆ ಮಾರಿ ಮೇಲೆ ಬಂದವನಿಗೆ ಬಿಲ್ಲು ಬರೆಯಲು ಬರುತ್ತದೆ, ಕಾಗದಕ್ಕೆ ಕೈ ಓಡುವುದಿಲ್ಲ. ಹುಬ್ಬಳ್ಳಿಯಲ್ಲಿ ಅಳಿಯಂದಿರು, ಕೂಸು ಚೆನ್ನಾಗಿದ್ದಾರೆ ತಾನೆ?

ವಿಷಯಕ್ಕೆ ಬರುತ್ತೇನೆ. ನಿಮ್ಮಮ್ಮನ ಸಾವಿಗಾಗಿ ನಿನ್ನ ತಮ್ಮ ಅಜಿತ್ ಮೇಲಿರುವ ಕೇಸನ್ನು ವಾಪಸ್ ಪಡೆಯಲು ಸರ್ಕಾರಿ ವಕೀಲೆ ಅರ್ಜಿ ಹಾಕಿದ್ದಾರೆ. ನಾನು ಯಾರ ಕಾಲೂ ಹಿಡಿದಿಲ್ಲ, ಆಣೆ. ಆಯಮ್ಮ ತಾವಾಗಿಯೇ ಕಡತ ಓದಿ, ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರಿಗೆ, "ಹೊಸ ಕಾರಿನ ಪೂಜೆ. ಚಕ್ರದಡಿಯ ನಿಂಬೆಹಣ್ಣು ಉರುಳಿತೆಂದು ತಾಯಿ ಬಗ್ಗಿದರು, ಮಗ ಕಾಣದೆ ಕಾರು ಬಿಟ್ಟ. ಇವನನ್ನು ಜೈಲಿಗೆ ಕಳಿಸಿ ಯಾರಿಗೆ ನ್ಯಾಯ, ಸಾರ್?" ಎಂದರು.

ಮ್ಯಾಜಿಸ್ಟ್ರೇಟರು ಅಷ್ಟಕ್ಕೇ ತಲೆಯಾಡಿಸಲಿಲ್ಲ. "ನಿಮ್ಮ ಕರುಣೆ ಸರಿ ಮೇಡಂ. ಆದರೆ ಮುಗಿಸುವ ಅಧಿಕಾರ ನಿಮ್ಮೊಬ್ಬರದಲ್ಲ. ಕಾರು ಬಿಡುವಾಗ ಇವನ ಕೈಯಲ್ಲಿ ಫೋನಿತ್ತೆಂದು ದೂರು ಕೊಟ್ಟವರು ಮಗಳು. ಅವರನ್ನು ಕೇಳದೆ ನಾನು ಒಪ್ಪಲಾರೆ" ಎಂದರು. ವ್ಯಾಪಾರಿ ಕಣ್ಣಿಗೆ ಇಬ್ಬರ ತೂಕವೂ ಸರಿಯಾಗೇ ಕಂಡಿತು.

ಫೋನಿದ್ದದ್ದು ನಿಜ. ವಿಡಿಯೋ ಕಾಲ್‌ನಲ್ಲಿ ನಿನಗೇ ಕಾರು ತೋರಿಸುತ್ತಿದ್ದ. ನೀನದನ್ನು ಠಾಣೆಯಲ್ಲಿ ಹೇಳಿದ್ದು ತಪ್ಪೆಂದು ನಾನೆಂದೂ ಅಂದಿಲ್ಲ.

ಅಜಿತನ ಕತೆ ಬೇರೆ. ವಕೀಲೆಯ ಕೋಣೆಗೆ ಹೋಗಿ, "ಕೇಸು ಬಿಡಬೇಡಿ ಮೇಡಂ, ನಡೆಸಿ" ಎಂದನಂತೆ. "ಏನು ತಂಬಿ, ಬೇಕಾದ ಶಿಕ್ಷೆ ಹೇಳಿ ತರಿಸಿಕೊಳ್ಳೋಕೆ ಇದೇನು ಹೋಟೆಲಾ?" ಎಂದು ಗದರಿ ಕಳಿಸಿದರಂತೆ.

ಡಿಸೆಂಬರ್ ಎಂಟಕ್ಕೆ ನೀನು ಕೋರ್ಟಿಗೆ ಬರಬೇಕು. ಅಡ್ಡಿಯಿಲ್ಲ ಅಂದರೆ ಕೇಸು ಮುಗಿಯಬಹುದು. ಅಡ್ಡಿಯಿದೆ ಅಂದರೆ ಬಹುಶಃ ನಡೆಯುತ್ತದೆ. ಅಜಿತನ ವಿಮಾ ಕಂಪನಿ ಕೆಲಸಕ್ಕೂ ಕುತ್ತು ಬಂದೀತು. ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ. ಏನೇ ಅಂದರೂ ಅಲ್ಲಿಂದ ನೇರ ಮನೆಗೆ ಬಾ, ಊಟ ಮಾಡಿಕೊಂಡು ಹೋಗು.

ಕೂಸಿಗೆ ನನ್ನ ಮುದ್ದು. ನಿಮ್ಮ ಮನೆಯಲ್ಲಿ ನಗು ಕಡಿಮೆಯಾಗದಿರಲಿ.

ನಿನ್ನ ಅಪ್ಪ,
ಮಧ್ವರಾಜ

ಇದೊಂದು ಬಿಟ್ಟುಹೋಯಿತು: ಮ್ಯಾಜಿಸ್ಟ್ರೇಟರು ನನ್ನನ್ನೂ ಕೇಳಿದರು. "ಆಕ್ಷೇಪಣೆ ಇಲ್ಲ ಸ್ವಾಮಿ" ಎಂದೆ, ಥಟ್ಟನೆ. ಆಟೋದಲ್ಲಿ ಬರುವಾಗ ಅಜಿತ್, "ಅಪ್ಪಾ, ನೀನು ನನ್ನ ಕ್ಷಮಿಸಿದೆಯಾ, ಇಲ್ಲಾ ಬರೀ ಬಿಡಿಸಿದೆಯಾ?" ಅಂದ. ನಾನು ಆಟೋದವನಿಗೆ ಮನೆಯ ದಾರಿ ಹೇಳತೊಡಗಿದೆ. ಅವನು ಇನ್ನೊಮ್ಮೆ ಕೇಳಲಿಲ್ಲ.