ನಾನು ಮಾಡಿದ ಗರ್ಕ್ ವೈನ್

ಲುಂಬಾರ್ದ, ಕೊರ್ಚುಲ ದ್ವೀಪ
ನವೆಂಬರ್ 14, 2022

ಮುದ್ದಿನ ತಂಗಿ ನೆವೆಂಕ,

ನೀನೂ ಮಕ್ಕಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನೀನು ಬೇಸಿಗೆಯಲ್ಲಿ ಬರೆದದ್ದಕ್ಕೆ ಚಳಿ ಬಂದ ಮೇಲೆ ಉತ್ತರಿಸುತ್ತಿದ್ದೇನೆ, ಬೈಯಬೇಡ. ಫೋನಿನಲ್ಲೂ ಎರಡು ಮಾತಾಡಿ ಇಟ್ಟುಬಿಡುತ್ತಿದ್ದೆ. ಏನು ಮಾಡಲಿ, ಕೈಯೆಲ್ಲ ಅಂಟಂಟಾಗಿತ್ತು ಕಣೇ! ಈ ಸಲ ನಮ್ಮ ತೋಟದ ಬಿಳಿ ಗರ್ಕ್ ದ್ರಾಕ್ಷಿಯ ವೈನ್ ಮಾಡಿದವಳು ನಾನು. ಹೌದು, ನಾನೇ! ಬೇಕಾದರೆ ಇನ್ನೊಂದು ಸಲ ಓದಿಕೋ.

ಕೊರೊನಾ ಬಂದು ಹೋದಾಗಿನಿಂದ ನಿನ್ನ ಭಾವ ಕುಜ್ಮನಿಗೆ ವಾಸನೆಯೇ ತಿಳಿಯುವುದಿಲ್ಲವೆಂದು ನಿನಗೆ ಗೊತ್ತಲ್ಲ. ಡಾಕ್ಟರು 'ಬರುತ್ತೆ, ಬರುತ್ತೆ' ಎನ್ನುತ್ತಲೇ ಇದ್ದಾರೆ. ಹೋದ ವರ್ಷ ಅವನು ಅಂದಾಜಿನ ಮೇಲೆ ಮಾಡಿದ ವೈನಿನ ವಾಸನೆಗೆ ಬೆಕ್ಕು ಕೂಡ ನೆಲಮಾಳಿಗೆಗೆ ಇಳಿಯಲಿಲ್ಲ.

ಈ ಆಗಸ್ಟಿನಲ್ಲಿ ಪಕ್ಕದ ತೋಟದ ಬಾರ್ತುಲ್ ಕಲ್ಲುಗೋಡೆಗೆ ಮೊಣಕೈ ಊರಿ ನಿಂತ. "ಕುಜ್ಮ, ಹಣ್ಣೆಲ್ಲ ನಂಗೇ ಕೊಟ್ಬಿಡಪ್ಪ. ಮೂಗಿಲ್ದೋನು ವೈನ್ ಮಾಡೋದೂ ಕಿವುಡ ಚರ್ಚಲ್ಲಿ ಆರ್ಗನ್ ಬಾರಿಸೋದೂ ಒಂದೇ."

ಕುಜ್ಮ ತಲೆ ತಗ್ಗಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು. "ಮೂಗು ನಂಗಿದೆ. ನಾನೇ ಮಾಡ್ತೀನಿ" ಎಂದುಬಿಟ್ಟೆ.

"ನೀನಾ? ಗರ್ಕ್ ಬಳ್ಳೀಲಿ ಬರೀ ಹೆಣ್ಣು ಹೂವು ಕಣಮ್ಮ. ಪಕ್ಕದಲ್ಲಿ ಕಪ್ಪು ದ್ರಾಕ್ಷಿ ಹೂ ಬಿಡದೆ ಅದು ಒಂದು ಕಾಯಾದ್ರೂ ಕಟ್ಟುತ್ತಾ?"

"ನಿನ್ನ ತೋಟದಲ್ಲಿ ಕಪ್ಪು ದ್ರಾಕ್ಷಿಗೇನು ಬರವಾ? ಆದ್ರೂ ನಿನ್ನ ವೈನಿಗೆ ಸಕ್ಕರೆ ಹಾಕ್ಕೊಂಡೇ ಕುಡೀಬೇಕು!"

ಹೇಳುವಾಗೇನೋ ಹೇಳಿದೆ, ಮನೆಗೆ ಬಂದ ಮೇಲೆ ಎಲ್ಲಿಂದ ಶುರು ಮಾಡುವುದೆಂದೇ ತಿಳಿಯಲಿಲ್ಲ. ಆಗಲೇ ತೆಂಕಣ ಗಾಳಿ ಎದ್ದಿತ್ತು. ಬಿಸಿ, ಜಿಗುಟು. ತಡ ಮಾಡಿದರೆ ಗೊಂಚಲು ಕೊಳೆಯುತ್ತಿತ್ತು. ಮರುದಿನ ಬೆಳಕು ಹರಿಯುತ್ತಲೇ ಕಡಲ ಪಕ್ಕದ ಮರಳು ನೆಲದ ತುಂಡಿನಿಂದ ಕೊಯ್ಲು ಹಿಡಿದೆವು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ನೆಲಮಾಳಿಗೆಯಲ್ಲಿ ನಾವಿಬ್ಬರೂ ಹೊಸದಾಗಿ ಮದುವೆಯಾದವರ ಹಾಗೆ ಇದ್ದೆವು. ರಸ ಹುದುಗಿ ಗುಳುಗುಟ್ಟುವ ಸದ್ದಿಗೆ ಅವನು ಪೀಪಾಯಿಗೆ ಕಿವಿಯಿಡುವುದು, ನಾನು ಮೂಗಿಡುವುದು.

"ಏನು ಬರ್ತಿದೆ?"

"ನಿಂಬೆ ಸಿಪ್ಪೆ."

"ಆಮೇಲೆ?"

"ಬಿಸಿಲಿಗೆ ಕಾದ ಪೈನ್ ಮರದ ಅಂಟು. ಆಮೇಲೆ... ನಿಮ್ಮಪ್ಪನ ದೋಣಿ ಹಗ್ಗ."

"ಒದ್ದೆ ಹಗ್ಗಾನೋ, ಒಣಗಿದ್ದೋ? ಸರಿಯಾಗಿ ಹೇಳೇ!"

ನಗುತ್ತಾ ನಗುತ್ತಾ ನನಗೆ ಹೊಟ್ಟೆ ನೋವು ಬರುತ್ತಿತ್ತು.

ಒಂದು ಬೆಳಿಗ್ಗೆ ಮಾತ್ರ ಮುಚ್ಚಳ ತೆಗೆದವಳು ಹಿಂದಕ್ಕೆ ಹಾರಿದೆ. ದುರ್ವಾಸನೆ! ಎಲ್ಲ ಮುಗಿಯಿತೆಂದು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತೆ. ಕುಜ್ಮ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತ. "ಅಳು ಆಮೇಲೆ. ಮೊದಲು ಹೇಳು, ವಿನೆಗರ್ ಥರಾನೋ, ಕೊಳೆತ ಮೊಟ್ಟೆ ಥರಾನೋ?"

"ಮೊಟ್ಟೆ."

"ಹಾಗಿದ್ರೆ ಬದುಕಿಕೊಂಡ್ವಿ! ಅದಕ್ಕೆ ಉಸಿರು ಕಟ್ಟಿದೆ ಅಷ್ಟೆ. ಗಾಳಿ ಬೇಕು. ಬಕೆಟ್ ತಾ."

ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿದೆವು. ಸುರಿದೂ ಸುರಿದೂ ಭುಜ ಬಿದ್ದುಹೋಯಿತು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಮೂಗಿಟ್ಟೆ. ನಿಂಬೆ! ಕೂಗಿಕೊಂಡೆ. ಕುಜ್ಮ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ನನ್ನ ತೂಕ ನಿನಗೆ ಗೊತ್ತಲ್ಲ!

ಮೊನ್ನೆ ಚರ್ಚಿನ ಅಂಗಳದಲ್ಲಿ ಸಂತ ಮಾರ್ಟಿನನ ಹಬ್ಬ. ಪಾದ್ರಿ ಹೊಸ ವೈನ್‌ಗಳನ್ನು ಹರಸಿದ ಮೇಲೆ ಎಲ್ಲರ ಜಗ್ಗುಗಳಿಗೂ ಬಟ್ಟೆ ಸುತ್ತಿ ಸಾಲಾಗಿ ಇಟ್ಟರು, ಯಾರದೆಂದು ತಿಳಿಯಬಾರದಲ್ಲ. ನಾನು ಒಲೆಯ ಹತ್ತಿರ ಮೀನು ಸುಡುತ್ತಾ ನಿಂತಿದ್ದೆ. ಬಾರ್ತುಲ್ ಒಂದೊಂದೇ ಗುಟುಕು ಕುಡಿಯುತ್ತಾ ಬಂದವನು ಒಂದು ಜಗ್ಗಿನ ಮುಂದೆ ನಿಂತುಬಿಟ್ಟ. ಮತ್ತೆ ಮೂಸಿದ. ಕಣ್ಣು ಮುಚ್ಚಿದ.

"ಲೋ ಕುಜ್ಮ, ಕಳ್ಳ! ಮೂಗು ವಾಪಸ್ ಬಂದಿದ್ದನ್ನ ಯಾರಿಗೂ ಹೇಳ್ಲೇ ಇಲ್ವಲ್ಲೋ! ಇದು ನಿನ್ನದೇ ವೈನು, ಆಣೆ ಮಾಡಿ ಹೇಳ್ತೀನಿ."

ಕುಜ್ಮ ಬೆಂಚಿನ ಮೇಲೆ ಹತ್ತಿದ. "ಬಂದಿಲ್ಲಪ್ಪ, ಬೇರೆ ತಗೊಂಡೆ. ಅಗೋ, ಅಲ್ಲಿ ಮೀನು ಸುಡ್ತಾ ನಿಂತಿದೆ ನೋಡು."

ಇಡೀ ಅಂಗಳವೇ ನನ್ನ ಕಡೆ ತಿರುಗಿತು. ಬಾರ್ತುಲ್ ಟೋಪಿ ತೆಗೆದು ಖಾಲಿ ಲೋಟ ಚಾಚಿದ. ನಾನು ತುಂಬಿಸಿಕೊಟ್ಟೆ. ಚಪ್ಪಾಳೆಯಲ್ಲಿ ಮೀನು ಹೊತ್ತಿಹೋಯಿತು, ಹೋಗಲಿ ಬಿಡು!

ನಿನಗೊಂದು ಬಾಟಲಿ ತೆಗೆದಿಟ್ಟಿದ್ದೇನೆ, ಈಸ್ಟರಿಗೆ ಬಂದೇ ಬರಬೇಕು. ಕಡಲಮ್ಮ ಮೇರಿ ನಿನ್ನನ್ನೂ ಮಕ್ಕಳನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಫ್ರಾಂಕ

ಮರೆತಿದ್ದು: ಮರೆತದ್ದಲ್ಲ, ಫೋನಿನಲ್ಲಿ ಹೇಳಲಾಗದ್ದು. ಅವನು ಪಕ್ಕದಲ್ಲೇ ಇರುತ್ತಾನಲ್ಲ. ಮದುವೆಯಾದ ಹೊಸದರಿಂದಲೂ ಕುಜ್ಮ ಹೊರಗಿಂದ ಬಂದವನೇ ನನ್ನ ಕೂದಲಿಗೆ ಮೂಗು ತಾಗಿಸಿ 'ಹುರಿದ ಈರುಳ್ಳಿ' ಎಂದೋ 'ಅಂಜೂರ' ಎಂದೋ ಏನಾದರೊಂದು ಹೇಳುತ್ತಿದ್ದ. ಈಗಲೂ ಬಂದು ತಾಗಿಸುತ್ತಾನೆ. ಏನೂ ಹೇಳದೆ ನಿಂತಿರುತ್ತಾನೆ. ನಿನ್ನೆ ಮೆಲ್ಲಗೆ ಕೇಳಿದ, "ನೀನು ಹೇಗೆ ಘಮ್ ಅಂತಿದ್ದೆ ಫ್ರಾಂಕ? ಮರೆತುಹೋಗ್ತಿದೆ." ವೈನಿನದಾದರೆ ಹೇಳಿಕೊಟ್ಟೆ. ನನ್ನದನ್ನು ಹೇಗೆ ಹೇಳಲಿ ನೆವೆಂಕ? ನನಗೇ ಗೊತ್ತಿಲ್ಲವಲ್ಲ.