ನೀರಿಗೆ ಇಳಿಯುವ ರಸ್ತೆಗೊಂದು ಬೇಲಿ

ಮಾನ್ಯ ರಸ್ತೆ ಇಂಜಿನಿಯರ್ ಸಾಹೇಬರೇ,

ನಮ್ಮ ಊರಿಗೆ ಹೋಗುತ್ತಿದ್ದ ನಿಮ್ಮ ರಸ್ತೆ ಈಗ ನೇರವಾಗಿ ಶರಾವತಿಯ ಹಿನ್ನೀರಿಗೆ ಇಳಿಯುತ್ತದೆ. ಅದು ನೀರು ಸೇರುವಲ್ಲಿ ಒಂದು ಬೇಲಿ ಹಾಕಿಸಿ ಎಂದು ಕೇಳಿ ಕೇಳಿ ಸಾಕಾಗಿದೆ. "ಸದರಿ ರಸ್ತೆಯು ಮುಳುಗಡೆಯಾಗಿದ್ದು, ಅಸ್ತಿತ್ವದಲ್ಲಿಲ್ಲದ ರಸ್ತೆಗೆ ಬೇಲಿ ಮಂಜೂರು ಮಾಡಲು ಅವಕಾಶವಿರುವುದಿಲ್ಲ" ಎಂದು ತಮ್ಮ ಕಚೇರಿ ತಿಳಿಸಿದೆ. ನಾನು ನಾಲ್ಕನೇ ತರಗತಿ ಓದಿದ ಹೆಂಗಸು. ಇಂಥ ಕನ್ನಡವನ್ನೆಲ್ಲ ನಿಮ್ಮ ಕಚೇರಿಯ ಉತ್ತರಗಳಿಂದಲೇ ಕಲಿತಿದ್ದೇನೆ, ಅದಕ್ಕೆ ಋಣಿ. ಆದರೆ ಇಲ್ಲದ ರಸ್ತೆಯಲ್ಲಿ ನನ್ನ ಗಂಡ ಹೇಗೆ ನಡೆದು ಹೋಗುತ್ತಾರೆ ಎಂಬುದನ್ನು ಮಾತ್ರ ಯಾವ ಉತ್ತರವೂ ಹೇಳಿಲ್ಲ.

ಅವರ ಹೆಸರು ಮಾಸ್ತಪ್ಪ. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ಬರೆದರೆ ತಪ್ಪಾಗಲಿಕ್ಕಿಲ್ಲ ಎಂದು ಧೈರ್ಯ ಮಾಡಿದ್ದೇನೆ. ಊರು ಮುಳುಗುವ ಮೊದಲೇ, ಗೊಬ್ಬರಕ್ಕೆ ಸೊಪ್ಪು ಕಡಿಯಲು ಮರ ಹತ್ತಿದವರು ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಜೀವ ಉಳಿಯಿತು. ಮಾತು ಹೋಯಿತು, ಬಲಗಾಲು ಸೋತಿತು, ಆಗಾಗ ಫಿಟ್ಸ್ ಬರತೊಡಗಿತು. ನನ್ನನ್ನು ಯಾರೋ ನೆಂಟರ ಮನೆಯವಳನ್ನು ನೋಡಿದ ಹಾಗೆ ನೋಡುತ್ತಿದ್ದರು. ಸಾಗರದಲ್ಲಿ ತೋರಿಸಿದೆ. ಡಾಕ್ಟರು ಮಾತ್ರೆ ಕೊಟ್ಟು, "ಇದು ಫಿಟ್ಸ್ ತಡೀತದೆ ಅಷ್ಟೇ ಕಣಮ್ಮ. ಇವರ ಕಾಲಿಗೆ ಗೊತ್ತಿರೋ ದಾರೀಲಿ ದಿನಾ ನಡೆಸು, ಕಂಡಿದ್ದಕ್ಕೆಲ್ಲ ಹೆಸರು ಹೇಳ್ಸು" ಎಂದರು.

ನಡೆಸಿದೆ ಸ್ವಾಮಿ. ಮನೆಯಿಂದ ಗದ್ದೆಗೆ ಇದ್ದದ್ದು ಅದೊಂದೇ ರಸ್ತೆ. ತೋಳು ಹಿಡಿದುಕೊಂಡು, ಹೊನ್ನೆ ಮರದ ಹತ್ತಿರ ನಿಂತು "ಇದೆಂಥದು ಹೇಳಿ?" ಎನ್ನುತ್ತಿದ್ದೆ. ಚೌಡಿ ಕಲ್ಲಿನ ಹತ್ತಿರ ಅದೇ ಪ್ರಶ್ನೆ, ಹಳ್ಳ ದಾಟಲು ಹಾಕಿದ್ದ ಮರದ ಸಂಕದ ಹತ್ತಿರವೂ ಅದೇ ಪ್ರಶ್ನೆ. ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ಒಂದು ಬೆಳಿಗ್ಗೆ ಸಂಕದ ಮೇಲೆ ನಾನೇ ಜಾರಿದಾಗ, "ಹುಷಾರು" ಎಂದರು. ಅಲ್ಲೇ ಕೂತು ಅತ್ತುಬಿಟ್ಟೆ.

ಆಮೇಲೆ ಸರ್ಕಾರ ನೀರು ನಿಲ್ಲಿಸಿತು. ನಮಗೆ ಎತ್ತರದಲ್ಲಿ ಜಾಗ ಕೊಟ್ಟರು, ಅದೂ ಹಳೆಯ ರಸ್ತೆಯ ಪಕ್ಕದಲ್ಲೇ. ನಾಡಿಗೆಲ್ಲ ಕರೆಂಟು ಬರಲಿ, ಬೇಡವೆನ್ನಲು ನಾನ್ಯಾರು? ಆದರೆ ನನ್ನ ಗಂಡನ ತಲೆಯೊಳಗೆ ಆ ನೀರು ಇನ್ನೂ ಬಂದಿಲ್ಲ. ಬೆಳಗಾದರೆ ಗದ್ದೆಗೆ ಹೊರಡುತ್ತಾರೆ. ಕೋಣೆಯಲ್ಲಿ ಕೂಡಿಹಾಕಿ ನೋಡಿದೆ, ವಾರದೊಳಗೆ ಮಾತು ಮತ್ತೆ ನಿಂತಿತು. ಮತ್ತೆ ಹೋಗಿ ಕೇಳಿದಾಗ ಡಾಕ್ಟರು ಹೇಳಿದರೆಂದು ಈಗ ಬೇರೆ ದಾರಿಯಲ್ಲಿ ನಡೆಸುತ್ತಿದ್ದೇನೆ. ಅಲ್ಲಿ ಮೂಗರ ಹಾಗೆ ನಡೆಯುತ್ತಾರೆ. ನೀರಿನ ಕಡೆ ತಿರುಗಿದೊಡನೆ ಒಂದೊಂದೇ ಹೆಸರು ಬಾಯಿಗೆ ಬರುತ್ತದೆ. ಗಂಡನನ್ನು ಉಳಿಸಿಕೊಳ್ಳಲೋ, ಗಂಡನ ಮಾತನ್ನು ಉಳಿಸಿಕೊಳ್ಳಲೋ? ಇದಕ್ಕೆ ನಿಮ್ಮ ನಿಯಮದಲ್ಲಿ ಏನಾದರೂ ಅವಕಾಶವಿರುತ್ತದೆಯೇ?

ಹೋದ ವಾರ ನಾನು ಎಮ್ಮೆಯ ಹಾಲು ಕರೆಯುತ್ತಿದ್ದಾಗ ಹೊರಟೇ ಹೋದರು. ನಾನು ಓಡಿ ಮುಟ್ಟುವಷ್ಟರಲ್ಲಿ ಎದೆಮಟ್ಟ ನೀರಿನಲ್ಲಿದ್ದರು. "ಓಯ್, ಇಲ್ನೋಡಿ, ನಿಮಗೇ" ಎಂದು ಕಿರುಚಿದೆ. ತಿರುಗಲಿಲ್ಲ. ಜನ್ಮದಲ್ಲಿ ಮೊದಲ ಸಲ "ಮಾಸ್ತಪ್ಪಾ!" ಎಂದು ಕೂಗಿದೆ. ತಿರುಗಿದರು.

"ಯಾಕೆ ಕೂಗ್ತೀಯ ಮಾರಾಯ್ತಿ? ಸಂಕ ಬಂತು. ಜಾರ್ತದೆ, ನನ್ನ ಕೈ ಹಿಡ್ಕ" ಎಂದು ಕೈ ಚಾಚಿದರು.

ಮರದಿಂದ ಬಿದ್ದ ಮೇಲೆ ಅವರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ನೀರಿಗಿಳಿದು ಆ ಕೈ ಹಿಡಿದೆ. ಎಳೆದು ತರಬೇಕಾದವಳು ಒಂದು ಗಳಿಗೆ ಅವರ ಜೊತೆ ಮುಂದಕ್ಕೇ ಹೆಜ್ಜೆ ಇಟ್ಟೆ. ಎಲ್ಲವೂ ಕೆಳಗೆ ಇದ್ದ ಹಾಗೇ ಇದೆ, ಮನೆ, ಕಣ, ಗದ್ದೆ, ಹೋಗಿಬಿಡೋಣ ಅನ್ನಿಸಿತು. ಆವತ್ತಿನಿಂದ ನನಗೆ ನನ್ನ ಮೇಲೂ ನಂಬಿಕೆ ಇಲ್ಲ.

ನನ್ನ ತಮ್ಮ ಮಾರಪ್ಪ ತಾನೇ ಬಿದಿರು ಕಡಿದು ಅಲ್ಲೊಂದು ಬೇಲಿ ಕಟ್ಟಿದ್ದ. ನಿಮ್ಮ ಸಿಬ್ಬಂದಿ ಬಂದು, ಸರ್ಕಾರಿ ರಸ್ತೆಯ ಒತ್ತುವರಿ ಎಂದು ಕಿತ್ತು ಹಾಕಿದರು. ಬೇಲಿ ಕೇಳಿದಾಗ ಇರದ ರಸ್ತೆ ಬೇಲಿ ಕೀಳುವಾಗ ಎಲ್ಲಿಂದ ಬಂತು ಸಾಹೇಬರೇ?

ಕೇಳುವುದು ಇಷ್ಟೇ. ಗಟ್ಟಿ ಬೇಲಿ ನೀವೇ ಹಾಕಿಸಿ, ಇಲ್ಲವೇ ನಾವು ಕಟ್ಟಿದ್ದನ್ನು ಕೀಳಬೇಡಿ. ಸಾವಕಾಶವಾಗಿ ಪರಿಶೀಲಿಸುತ್ತೇವೆ ಎಂದು ಮಾತ್ರ ಬರೆಯಬೇಡಿ. ಮಾತ್ರೆ ಫಲ ಕೊಡುತ್ತಿದೆ, ಫಿಟ್ಸ್ ಕಡಿಮೆಯಾಗಿದೆ, ಸೋತ ಕಾಲಿಗೆ ದಿನದಿಂದ ದಿನಕ್ಕೆ ಬಲ ಬರುತ್ತಿದೆ. ಮೊದಲು ಅವರನ್ನು ಒಂದು ಕೈಯಲ್ಲಿ ತಡೆದು ನಿಲ್ಲಿಸುತ್ತಿದ್ದೆ. ಈಗ ಎರಡೂ ಕೈ ಸಾಲುತ್ತಿಲ್ಲ.

ಇಂತಿ,
ಗಂಡ ಗುಣವಾಗುತ್ತಿರುವುದಕ್ಕೆ ಹೆದರುವ ಹೆಂಡತಿ,
ಗುತ್ಯಮ್ಮ
ಹೊಳೆಬಾಗಿಲು ಹತ್ತಿರ, ಸಾಗರ ತಾಲ್ಲೂಕು
ನವೆಂಬರ್ 1965