ಸೆಕೆಯಲ್ಲಿ ಕೋಟು, ಕೋವಿಗೆ ಹೊಸ ಹಿಡಿ

ಸೆಪ್ಟೆಂಬರ್ ೧೪, ಶನಿವಾರ.

ಭುಜದ ಆಪರೇಷನ್ ಆದಮೇಲೆ ಬಲಗೈ ಮೊದಲಿನಷ್ಟು ಚಾಚುವುದಿಲ್ಲ. ಈ ನವೆಂಬರಿನಲ್ಲೂ ಎಲ್ಕ್ ಜಿಂಕೆಯ ಬೇಟೆಗೆ ಹೋಗಲಾಗದಿದ್ದರೆ ಕೋವಿ ಮಾರಿಬಿಡುವುದೆಂದು ಒಳಗೊಳಗೇ ನಿರ್ಧರಿಸಿದ್ದೆ. ಕೊನೆಯ ಪ್ರಯತ್ನವೆಂದು ಇವತ್ತು ಅದಕ್ಕೆ ಭುಜಕ್ಕೊತ್ತಿ ಹಿಡಿಯುವ ಹೊಸ ಹಿಡಿ ಹಾಕಿಸಲು ಹೆಂಡತಿ ವರ್ನಾಳ ಜೊತೆ ಆರ್ವಿಲ್‌ನ ಕೋವಿ ಅಂಗಡಿಗೆ ಹೋದೆ.

ಮಿರುಗುವ ವಾಲ್‌ನಟ್ ಮರದ ಹಿಡಿಯೊಂದು ಭುಜಕ್ಕೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಚೌಕಾಸಿಗೆ ಬಾಯಿ ತೆರೆಯುವಷ್ಟರಲ್ಲಿ ವರ್ನಾ ಹೊರಗೆ ಹೋಗಿ ನಮ್ಮ ಕಾರಿನಿಂದ ನನ್ನ ಚಳಿಗಾಲದ ದಪ್ಪ ಕೋಟನ್ನು ಹೊತ್ತು ತಂದಳು.

"ಹಾಕ್ಕೊ."

"ಹುಚ್ಚೇನೇ? ಈ ಸೆಕೇಲಾ?"

"ನವೆಂಬರಲ್ಲಿ ಬರೀ ಅಂಗೀಲಿ ಬೆಟ್ಟ ಹತ್ತೀಯಾ? ಹಾಕ್ಕೊ ಮಾರಾಯ."

ಹಾಕಿಕೊಂಡು ಕೋವಿ ಎತ್ತಿದೆ. ಹಿಡಿಯ ಬುಡ ಕಂಕುಳ ಬಳಿ ಕೋಟಿಗೆ ಸಿಕ್ಕಿಕೊಂಡಿತು, ಭುಜಕ್ಕೆ ಬರಲೇ ಇಲ್ಲ.

ಆರ್ವಿಲ್ ನಕ್ಕ. "ಎಲ್ರೂ ಬೇಸಿಗೇಲಿ ಬಂದು ಅಂಗಿ ಮೇಲೆ ಅಳತೆ ನೋಡ್ತಾರಣ್ಣ, ಹಿಮ ಬಿದ್ಮೇಲೆ ನನ್ನ ಬೈತಾರೆ."

ಅವನು ಬೂದು ಬಣ್ಣದ ಫೈಬರ್ ಹಿಡಿಯೊಂದನ್ನು ತೆಗೆದು, ಉದ್ದ ಹೊಂದಿಸಲು ಅದರ ಬುಡಕ್ಕೆ ಹಾಕಿದ್ದ ಬಿಲ್ಲೆಗಳನ್ನು ಬಿಚ್ಚಿ ಗಿಡ್ಡ ಮಾಡಿಕೊಟ್ಟ. ಕೋಟಿನ ಮೇಲೂ ಸಲೀಸಾಗಿ ಕೂತಿತು. ಕೈ ನೋಯಲಿಲ್ಲ.

"ನೋಡೋಕೆ ಚೆನ್ನಾಗಿಲ್ಲ," ಎಂದೆ.

"ನೀನೂ ಇಲ್ಲ. ನಾನು ಇಟ್ಕೊಂಡಿಲ್ವಾ?" ಎಂದಳು ವರ್ನಾ.

ಅದನ್ನೇ ಕೊಂಡೆ. ಬರುವಾಗ ಕೇಳಿದೆ, ಈ ಕೋಟು ಕಾರಿನಲ್ಲಿ ಯಾವಾಗಿನಿಂದ ಇದೆ ಎಂದು.

"ನಿನ್ನನ್ನ ಆಸ್ಪತ್ರೆಯಿಂದ ಕರ್ಕೊಂಡ್ ಬಂದ ದಿನದಿಂದ."

ಹಳೆಯ ಟ್ರ್ಯಾಕ್ಟರ್ ಮಾರುತ್ತ ಮಾತಿನಲ್ಲೇ ಮನೆ ಕಟ್ಟಿದವನು ನಾನು. ಆದರೂ ಮನೆ ಮುಟ್ಟುವವರೆಗೂ ಬರೀ ಮಳೆ, ಬೆಳೆಯ ಮಾತನ್ನೇ ಆಡಿದೆ. ಬೆಳಗ್ಗೆ ಕಾಫಿ ಕುಡಿಯುವಾಗಲಾದರೂ ಅವಳಿಗೆ ಒಂದು ಥ್ಯಾಂಕ್ಸ್ ಹೇಳಬೇಕು.